ಕ್ಲಚ್ ಒತ್ತಿದಾಗ ನಿಂತಿತೇ, ಬಿಟ್ಟಾಗ ನಿಂತಿತೇ?

ಗ್ಯಾರೇಜಿಗೆ ಹೋಗಿ "ಗಾಡೀಲಿ ಏನೋ ಶಬ್ದ ಬರ್ತಿದೆ" ಎಂದಷ್ಟೇ ಹೇಳಿದರೆ ಮುಂದಿನದೆಲ್ಲ ಅಂದಾಜಿನ ಮೇಲೆ ನಡೆಯುತ್ತದೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿಕೊಂಡು ಬರುತ್ತಾನೆ. ಆ ಹೊತ್ತಿಗೆ ಸರಿಯಾಗಿ ಶಬ್ದ ಅಡಗಿರುತ್ತದೆ, ಇಲ್ಲವೇ ಕೇಳಿದರೂ ಎಲ್ಲಿಂದ ಎಂದು ಖಚಿತವಾಗುವುದಿಲ್ಲ. ಕೊನೆಗೆ "ಗೇರ್‌ಬಾಕ್ಸ್ ಇಳಿಸಿ ನೋಡ್ಬೇಕು ಸಾರ್" ಎಂಬ ಮಾತು ಬರುತ್ತದೆ. ಇಳಿಸಿದರೆ ಅರ್ಧ ದಿನದ ಕೆಲಸ, ಅದರ ಕೂಲಿಯೇ ದೊಡ್ಡದು. ಇಷ್ಟೆಲ್ಲ ಆಗಿ ಗಾಡಿ ಮನೆಗೆ ಬಂದ ಮೇಲೆ ಅದೇ ಶಬ್ದ ಮತ್ತೆ ಕೇಳಿಸಿದರೆ? ಅದು ಗೇರ್‌ಬಾಕ್ಸಿನದಾಗಿರದೆ ಮುಂದಿನ ಚಕ್ರದ ಬೇರಿಂಗಿನದಾಗಿದ್ದರೆ? ಇಂಥ ದಂಡ ತೆತ್ತವರು ಕಡಿಮೆಯಿಲ್ಲ. ತೆರಬೇಕಾದ ಅಗತ್ಯ ಮಾತ್ರ ಬಹುಪಾಲು ಸಲ ಇರುವುದಿಲ್ಲ.

ಶಬ್ದ ಹೇಗಿದೆ ಎಂಬುದನ್ನು ಬಣ್ಣಿಸಲು ನಾವೆಲ್ಲ ಹೆಣಗುತ್ತೇವೆ. ಗುಂಯ್ ಎನ್ನುತ್ತದೆ, ಗರಗರ ಎನ್ನುತ್ತದೆ, ಕಿರ್ ಎನ್ನುತ್ತದೆ. ಒಬ್ಬರ ಗರಗರ ಇನ್ನೊಬ್ಬರ ಕಿವಿಗೆ ಕರಕರ. ಅದಕ್ಕಿಂತ ನೂರು ಪಾಲು ಉಪಯೋಗಕ್ಕೆ ಬರುವುದು ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬ ವಿವರ. ಕ್ಲಚ್ ಪೆಡಲ್, ಗೇರ್ ಲಿವರ್, ಗಾಡಿಯ ವೇಗ ಈ ಮೂರನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರೆ ಒಳಗಿನ ಒಂದೊಂದೇ ಭಾಗ ತಿರುಗಲು ಶುರುಮಾಡುತ್ತದೆ ಅಥವಾ ನಿಲ್ಲುತ್ತದೆ. ಶಬ್ದ ಯಾವುದರ ಜೊತೆಗೆ ನಿಂತಿತೋ ದೋಷ ಅಲ್ಲಿದೆ. ಈ ಪರೀಕ್ಷೆಗೆ ಉಪಕರಣ ಬೇಡ, ಹತ್ತು ನಿಮಿಷದ ಬಿಡುವು ಸಾಕು.

ಒಳಗೆ ಏನು ತಿರುಗುತ್ತಿದೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳೋಣ. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಇದೆ. ಅದಕ್ಕೆ ಅಂಟಿದಂತೆ ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯಲು ಪ್ರೆಶರ್ ಪ್ಲೇಟ್. ಕ್ಲಚ್ ಪ್ಲೇಟಿನ ನಡುವೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕೂತಿರುತ್ತದೆ. ಕಾಲು ಪೆಡಲಿನ ಮೇಲಿಲ್ಲದಾಗ ಇವೆಲ್ಲ ಒಟ್ಟಿಗೆ ತಿರುಗುತ್ತವೆ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದ್ದರೂ ಇನ್‌ಪುಟ್ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಅದರ ಜೊತೆಗೆ ಒಳಗಿನ ಗೇರುಗಳೂ ಸುಮ್ಮನೆ ಸುತ್ತುತ್ತಿರುತ್ತವೆ. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಎಂಬ ಅಂಗೈಯಗಲದ ಬೇರಿಂಗ್ ಮುಂದೆ ಸರಿದು ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳನ್ನು ಒತ್ತುತ್ತದೆ. ಹಿಡಿತ ಬಿಡುತ್ತದೆ. ಎಂಜಿನ್ ಓಡುತ್ತಲೇ ಇದ್ದರೂ ಇನ್‌ಪುಟ್ ಶಾಫ್ಟ್ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಅಂದರೆ ಪೆಡಲ್ ಮೇಲಿದ್ದಾಗ ಗೇರ್‌ಬಾಕ್ಸಿನ ಒಳಭಾಗ ತಿರುಗುತ್ತದೆ, ರಿಲೀಸ್ ಬೇರಿಂಗಿನ ಮೇಲೆ ಭಾರವಿಲ್ಲ. ಪೆಡಲ್ ಕೆಳಗಿದ್ದಾಗ ಗೇರ್‌ಬಾಕ್ಸ್ ಸುಮ್ಮನಾಗುತ್ತದೆ, ರಿಲೀಸ್ ಬೇರಿಂಗ್ ಪೂರ್ತಿ ಭಾರ ಹೊತ್ತು ತಿರುಗುತ್ತದೆ. ಇಷ್ಟು ನೆನಪಿದ್ದರೆ ಮುಕ್ಕಾಲು ಪಾಲು ಪತ್ತೆ ಆದಂತೆಯೇ.

ಬೆಳಗ್ಗೆ ಬೀದಿ ಗದ್ದಲ ಶುರುವಾಗುವ ಮುಂಚೆ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ನ್ಯೂಟ್ರಲ್‌ಗೆ ಹಾಕಿ, ಎಸಿ ಮತ್ತು ಫ್ಯಾನ್ ಆರಿಸಿ, ಕಿಟಕಿ ಇಳಿಸಿ. ಎಂಜಿನ್ ಐದು ನಿಮಿಷ ಓಡಿ ಬಿಸಿಯಾಗಲಿ. ಈಗ ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆದು ಕೇಳಿ. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ, ತಳದವರೆಗೆ ಒತ್ತುತ್ತ ಹೋಗಿ. ಎಲ್ಲಿ ಶಬ್ದ ಬದಲಾಯಿತು ಎಂಬುದನ್ನು ಗಮನಿಸಿ. ಎರಡು ಮೂರು ಸಲ ಮಾಡಿ ನೋಡಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಬಾನೆಟ್ ಎತ್ತಿ ಹೊರಗೆ ನಿಂತು ಕೇಳಲಿ. ಬೆಲ್ಟ್, ಫ್ಯಾನಿನ ಹತ್ತಿರ ಕೈಯಾಗಲಿ ದುಪಟ್ಟಾ ಆಗಲಿ ಸುಳಿಯದಿರಲಿ.

ಪೆಡಲ್ ಮೇಲಿದ್ದರೂ ಕೆಳಗಿದ್ದರೂ ಶಬ್ದ ಒಂದೇ ಸಮ ಇದ್ದರೆ ಕ್ಲಚ್ಚನ್ನೂ ಗೇರ್‌ಬಾಕ್ಸನ್ನೂ ಸದ್ಯಕ್ಕೆ ಬಿಟ್ಟುಬಿಡಿ. ಆಲ್ಟರ್ನೇಟರ್, ವಾಟರ್ ಪಂಪ್, ಬೆಲ್ಟಿನ ಟೆನ್ಷನರ್ ಇವುಗಳ ಬೇರಿಂಗ್ ಕಡೆಗೆ ನೋಡಬೇಕು.

ಪೆಡಲ್ ಮೇಲಿದ್ದಾಗ ಶಬ್ದವಿದ್ದು ಒತ್ತಿದೊಡನೆ ನಿಂತರೆ ಅನುಮಾನ ಗೇರ್‌ಬಾಕ್ಸಿನ ಮೇಲೆ. ಇಲ್ಲಿ ಎರಡು ಬಗೆಯನ್ನು ಬೇರೆ ಮಾಡಿಕೊಳ್ಳಬೇಕು. ಬಿಡಿಬಿಡಿಯಾಗಿ ಕಟಕಟ ಎನ್ನುವ, ಎಂಜಿನ್ ವೇಗ ಸ್ವಲ್ಪ ಏರಿಸಿದರೆ ಮಾಯವಾಗುವ ಶಬ್ದವಾದರೆ ಅದು ಸಾಮಾನ್ಯವಾಗಿ ಭಾರವಿಲ್ಲದ ಗೇರಿನ ಹಲ್ಲುಗಳು ಒಂದಕ್ಕೊಂದು ತಾಗುವುದರಿಂದ ಬರುವುದು. ಡೀಸೆಲ್ ಗಾಡಿಗಳಲ್ಲಿ ಇದು ಹೆಚ್ಚು, ಹೊಸ ಗಾಡಿಯಲ್ಲೂ ತುಸು ಇರುತ್ತದೆ. ಇದ್ದಕ್ಕಿದ್ದಂತೆ ಹೆಚ್ಚಾಯಿತು ಅನ್ನಿಸಿದರೆ ಕ್ಲಚ್ ಪ್ಲೇಟಿನ ಸಣ್ಣ ಸ್ಪ್ರಿಂಗುಗಳು ಸಡಿಲವಾಗಿರಬಹುದು. ಹಾಗಲ್ಲದೆ ಒಂದೇ ಸಮನೆ ಗರಗರ ಎನ್ನುತ್ತ, ಎಂಜಿನ್ ವೇಗ ಏರಿದಂತೆ ತಾನೂ ಏರುವ ಶಬ್ದವಾದರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಸವೆದಿದೆ. ಇದನ್ನು ಬಹಳ ದಿನ ಮುಂದೂಡಬಾರದು. ಬೇರಿಂಗ್ ಸಡಿಲವಾದರೆ ಶಾಫ್ಟ್ ಅಲುಗಾಡುತ್ತದೆ, ಶಾಫ್ಟ್ ಅಲುಗಾಡಿದರೆ ಗೇರಿನ ಹಲ್ಲು ಓರೆಯಾಗಿ ಕೂತು ತಿನ್ನಲು ಶುರುಮಾಡುತ್ತದೆ. ಒಂದು ಬೇರಿಂಗಿನಲ್ಲಿ ಮುಗಿಯಬೇಕಾದ ಖರ್ಚು ಅಲ್ಲಿಂದ ಬೆಳೆಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಪೆಡಲನ್ನು ಪೂರ್ತಿ ಒತ್ತಬೇಡಿ, ಬರೀ ಪಾದ ಇಟ್ಟಷ್ಟು ತೂಕ ಬಿಡಿ. ಅಷ್ಟಕ್ಕೇ ಶಬ್ದ ನಿಂತರೆ ಗೇರ್‌ಬಾಕ್ಸ್ ನಿರಪರಾಧಿ, ಯಾಕೆಂದರೆ ಅಷ್ಟು ತೂಕಕ್ಕೆ ಇನ್‌ಪುಟ್ ಶಾಫ್ಟ್ ನಿಲ್ಲುವುದಿಲ್ಲ. ಸಡಿಲವಾಗಿ ಆಡುತ್ತಿದ್ದ ರಿಲೀಸ್ ಬೇರಿಂಗೋ ಅದನ್ನು ತಳ್ಳುವ ಫೋರ್ಕೋ ನಿಮ್ಮ ಪಾದದ ತೂಕಕ್ಕೆ ಬಿಗಿಯಾಗಿ ಸುಮ್ಮನಾಗಿದೆ. "ಕ್ಲಚ್ ಒತ್ತಿದರೆ ಶಬ್ದ ಹೋಗುತ್ತೆ" ಎಂದಷ್ಟೇ ಕೇಳಿಸಿಕೊಂಡ ಮೆಕ್ಯಾನಿಕ್ ಗೇರ್‌ಬಾಕ್ಸನ್ನೇ ಬಿಚ್ಚಿ ಹರಡಿಕೊಳ್ಳುವುದು ಇಂಥ ಕಡೆಯಲ್ಲೇ. ಎಷ್ಟು ಒತ್ತಿದಾಗ ಹೋಗುತ್ತದೆ ಎಂಬುದನ್ನೂ ಹೇಳಿ.

ಇನ್ನು ಇದರ ವಿರುದ್ಧ ಬಗೆ: ಪೆಡಲ್ ಬಿಟ್ಟಾಗ ಮೌನ, ಒತ್ತಿದಾಗ ಶಬ್ದ. ನಮ್ಮ ನಗರಗಳ ಗಾಡಿಗಳಲ್ಲಿ ಕೇಳಸಿಗುವ ಕ್ಲಚ್ ಶಬ್ದಗಳಲ್ಲಿ ತೀರ ಸಾಮಾನ್ಯವಾದದ್ದು ಇದೇ. ಪೆಡಲ್ ಸ್ವಲ್ಪ ಇಳಿದು ಬಿಗಿ ಸಿಕ್ಕ ಜಾಗದಲ್ಲಿ ಸಣ್ಣಗೆ ಸುಯ್ ಎಂದು ಶುರುವಾಗಿ, ಒತ್ತಿದಷ್ಟೂ ಜೋರಾಗಿ, ತಳ ಮುಟ್ಟುವ ಹೊತ್ತಿಗೆ ಒರಟಾಗಿ ಗೊರಗುಟ್ಟುತ್ತದೆ. ಕೆಲವೊಮ್ಮೆ ಪಾದಕ್ಕೂ ಸಣ್ಣ ನಡುಕ ತಿಳಿಯುತ್ತದೆ. ಇದು ರಿಲೀಸ್ ಬೇರಿಂಗ್. ಬಿಚ್ಚಿ ತೆಗೆದ ಹಳೆಯ ಬೇರಿಂಗನ್ನು ಕೇಳಿ ಪಡೆದು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಹೊಸದರಲ್ಲಿ ಗ್ರೀಸಿನ ಮೃದುವಾದ ತಡೆ ಇರುತ್ತದೆ, ಬೆರಳು ಬಿಟ್ಟರೆ ತಕ್ಷಣ ನಿಲ್ಲುತ್ತದೆ. ಸವೆದದ್ದು ಒಣಗಿ ಸರ್ರನೆ ತಿರುಗುತ್ತದೆ, ಇಲ್ಲವೇ ಒಳಗೆ ಮರಳು ಸೇರಿದಂತೆ ಬೆರಳಿಗೆ ಜರಿಜರಿ ತಾಗುತ್ತದೆ. ಮುಖದ ಮೇಲೆ, ಸ್ಪ್ರಿಂಗ್ ಬೆರಳು ತಾಗುವ ಕಡೆ, ಹೊಳೆಯುವ ಉಂಗುರದಂಥ ಸವೆತ. ಬಿಸಿಗೆ ಗ್ರೀಸ್ ಕರಗಿ ಹೊರಬಂದು ಕಪ್ಪಗೆ ಒಣಗಿರುವುದೂ ಉಂಟು. ಈ ಬೇರಿಂಗ್ ಸೀಲ್ ಮಾಡಿದ್ದು, ಗ್ರೀಸ್ ತುಂಬಿ ಮತ್ತೆ ಹಾಕುವಂಥದ್ದಲ್ಲ. ಹಾಗೆ ಮಾಡಿಕೊಡುತ್ತೇನೆ ಎಂದವರಿಗೆ ಬೇಡ ಎನ್ನಿ.

ಅದು ಬೇಗ ಸಾಯುವುದಕ್ಕೆ ನಮ್ಮ ಅಭ್ಯಾಸವೇ ಬಹುಮಟ್ಟಿಗೆ ಕಾರಣ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮೊದಲ ಗೇರ್ ಹಾಕಿ, ಕ್ಲಚ್ ತಳಕ್ಕೆ ಒತ್ತಿ, ಹಸಿರು ಬರುವ ತನಕ ಕಾಯುತ್ತ ಕೂತವರ ಗಾಡಿಯಲ್ಲಿ ಅಷ್ಟೂ ಹೊತ್ತು ಆ ಪುಟ್ಟ ಬೇರಿಂಗ್ ಪ್ರೆಶರ್ ಪ್ಲೇಟಿನ ಪೂರ್ತಿ ಒತ್ತಡ ಹೊತ್ತು ಸುತ್ತುತ್ತಿರುತ್ತದೆ. ಚಾರ್ಮಾಡಿ, ಶಿರಾಡಿಯ ಏರಿನಲ್ಲಿ ಸಾಲುಗಟ್ಟಿದ ಲಾರಿಗಳ ಹಿಂದೆ ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲಿಸುವಾಗ ಬೇರಿಂಗಿನ ಜೊತೆಗೆ ಕ್ಲಚ್ ಪ್ಲೇಟೂ ಉರಿಯುತ್ತದೆ. ನಿಂತಾಗ ನ್ಯೂಟ್ರಲ್, ಏರಿನಲ್ಲಿ ಹ್ಯಾಂಡ್‌ಬ್ರೇಕ್, ಓಡುವಾಗ ಎಡಗಾಲು ಪೆಡಲಿನಿಂದ ದೂರ. ಡ್ರೈವಿಂಗ್ ಶಾಲೆಯಲ್ಲಿ ಹೇಳಿಕೊಟ್ಟು ನಾವು ಮರೆತ ಈ ಮೂರು ಮಾತು ಸಾವಿರಾರು ರೂಪಾಯಿ ಉಳಿಸುತ್ತವೆ.

ಕೇಬಲ್ ಕ್ಲಚ್ಚಿನ ಗಾಡಿಯಾದರೆ ಪೆಡಲಿನ ಫ್ರೀ ಪ್ಲೇ ಅಳೆದು ನೋಡಿ. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಬಿಗಿ ಸಿಗುವ ಮುಂಚೆ ಪೆಡಲ್ ಒಂದಿಷ್ಟು ಸಡಿಲವಾಗಿ ಇಳಿಯಬೇಕು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದು 10ರಿಂದ 20 ಮಿಲಿಮೀಟರ್ ಆಸುಪಾಸು ಇರುತ್ತದೆ, ನಿಮ್ಮ ಗಾಡಿಯ ಅಳತೆ ಅದರ ಮ್ಯಾನ್ಯುಯಲ್‌ನಲ್ಲಿದೆ. ಅಷ್ಟು ಸಡಿಲವೇ ಇಲ್ಲವೆಂದರೆ ಬೇರಿಂಗ್ ಸದಾ ಉಜ್ಜುತ್ತಲೇ ಇದೆ ಎಂದರ್ಥ. ಕೇಬಲ್ಲಿನ ನಟ್ ಸರಿಮಾಡಿದರೆ ಸಾಕಾಗಬಹುದು. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಬೇರಿಂಗ್ ಸದಾ ಹಗುರವಾಗಿ ತಾಗಿಕೊಂಡೇ ಇರುವುದು ಸಾಮಾನ್ಯ, ಅಲ್ಲಿ ಈ ಅಳತೆ ನಡೆಯುವುದಿಲ್ಲ.

ಬೊಲೆರೊದಂಥ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳಲ್ಲಿ ಇನ್ನೊಂದು ಸಾಧ್ಯತೆ ಸೇರುತ್ತದೆ. ಇಂಥವುಗಳಲ್ಲಿ ಸಾಮಾನ್ಯವಾಗಿ ಇನ್‌ಪುಟ್ ಶಾಫ್ಟಿನ ತುದಿ ಎಂಜಿನ್ನಿನ ಕ್ರ್ಯಾಂಕ್ ಒಳಗಿನ ಪೈಲಟ್ ಬೇರಿಂಗಿನಲ್ಲಿ ಕೂತಿರುತ್ತದೆ. ಕ್ಲಚ್ ಪೂರ್ತಿ ಒತ್ತಿದಾಗ ಮಾತ್ರ ಅದಕ್ಕೆ ಕೆಲಸ. ಪೆಡಲ್ ತಳಕ್ಕೆ ಹೋದ ಮೇಲೆ, ಮುಖ್ಯವಾಗಿ ಗೇರ್ ಹಾಕಿ ನಿಂತಿರುವಾಗ, ಕೀರಲು ಶಬ್ದ ಬಂದರೆ ಇದನ್ನೂ ನೆನೆಯಬೇಕು. ಮುಂದಿನ ಚಕ್ರ ಎಳೆಯುವ ಬಹುತೇಕ ಸಣ್ಣ ಕಾರುಗಳಲ್ಲಿ ಈ ಬೇರಿಂಗ್ ಇರುವುದಿಲ್ಲ.

ಎಂಜಿನ್ ಆರಿಸಿಯೂ ಪೆಡಲ್ ಒತ್ತಿ ನೋಡಿ. ಆಗಲೂ ಕಿರ್ ಎಂದರೆ ಬೇರಿಂಗಿನ ಮಾತೇ ಇಲ್ಲ. ಪೆಡಲಿನ ಬುಷ್, ಕೇಬಲ್, ಫೋರ್ಕಿನ ಕೀಲು ಯಾವುದೋ ಒಣಗಿದೆ. ಮಳೆಗಾಲ ಕಳೆದ ಮೇಲೆ ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಇದು ಹೆಚ್ಚು. ಗ್ರೀಸ್ ತಾಗಿಸಿದರೆ ಹೋಗುತ್ತದೆ.

ಗೇರ್ ಹಾಕುವಾಗ ಬರುವ ಕರ್ರ್ ಶಬ್ದ ಬೇರೆಯೇ ವಿಷಯ. ಅಲ್ಲಿ ಎರಡೇ ಆರೋಪಿಗಳು: ಪೂರ್ತಿ ಬಿಡದ ಕ್ಲಚ್, ಇಲ್ಲವೇ ಸವೆದ ಸಿಂಕ್ರೊ ರಿಂಗ್. ಬೇರೆ ಬೇರೆ ವೇಗದಲ್ಲಿ ತಿರುಗುವ ಗೇರನ್ನೂ ಶಾಫ್ಟನ್ನೂ ಒಂದೇ ವೇಗಕ್ಕೆ ತಂದು ಕೂಡಿಸುವುದು ಹಿತ್ತಾಳೆಯ ಈ ಉಂಗುರದ ಕೆಲಸ. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂದ ಏರ್ಪಾಡು ಇದು. ಅದಕ್ಕೆ ಮೊದಲು ಎಲ್ಲರೂ, ಆಮೇಲೂ ಬಹಳ ವರ್ಷ ಲಾರಿ ಡ್ರೈವರುಗಳು, ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತಿ ಆ ಕೆಲಸವನ್ನು ಕಾಲಿನಿಂದಲೇ ಮಾಡುತ್ತಿದ್ದರು. ಆ ಹಳೆಯ ಡಬಲ್ ಕ್ಲಚ್ ಇವತ್ತು ಒಳ್ಳೆಯ ಪರೀಕ್ಷೆಯೂ ಹೌದು. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಎನ್ನುವ ಗಾಡಿಯಲ್ಲಿ, ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ಆಕ್ಸಿಲರೇಟರ್ ತುಸು ತಟ್ಟಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಈಗ ಸದ್ದಿಲ್ಲದೆ ಕೂತರೆ ಎರಡನೇ ಗೇರಿನ ಸಿಂಕ್ರೊ ಸವೆದಿದೆ.

ಒಂದೇ ಗೇರಿನಲ್ಲಿ ತೊಂದರೆ ಇದ್ದರೆ ಸಿಂಕ್ರೊ, ಎಲ್ಲ ಗೇರಿನಲ್ಲೂ ಇದ್ದರೆ ಕ್ಲಚ್ ಎಂಬ ಲೆಕ್ಕ ಬಹುಪಾಲು ಸರಿಹೋಗುತ್ತದೆ. ಖಚಿತ ಮಾಡಿಕೊಳ್ಳಲು ರಿವರ್ಸ್ ಗೇರ್ ಇದೆ. ಗಾಡಿ ನಿಂತಿರಲಿ, ಎಂಜಿನ್ ಓಡುತ್ತಿರಲಿ. ಕ್ಲಚ್ ತಳಕ್ಕೆ ಒತ್ತಿ, ಒಳಗಿನ ಶಾಫ್ಟ್ ನಿಲ್ಲಲು ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಹಲವು ಗಾಡಿಗಳಲ್ಲಿ ರಿವರ್ಸಿಗೆ ಸಿಂಕ್ರೊ ಇಲ್ಲದ್ದರಿಂದ ಅವಸರದಲ್ಲಿ ಹಾಕಿದರೆ ಕರ್ರ್ ಎನ್ನುವುದು ಸಹಜ. ಅಷ್ಟು ಕಾದ ಮೇಲೂ ಎಂದರೆ ಶಾಫ್ಟ್ ನಿಂತಿಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಸಡಿಲ, ಹೈಡ್ರಾಲಿಕ್ಕಿನಲ್ಲಿ ಗಾಳಿ ಅಥವಾ ಸೋರಿಕೆ, ಬಾಗಿದ ಪ್ಲೇಟ್ ಇವುಗಳನ್ನು ನೋಡಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ತೇವಕ್ಕೆ ತುಕ್ಕು ಹಿಡಿದು ಪ್ಲೇಟ್ ಫ್ಲೈವೀಲಿಗೇ ಅಂಟಿಕೊಂಡಿರಬಹುದು. ಕ್ಲಚ್ ದೋಷವನ್ನು ಹಾಗೇ ಬಿಟ್ಟು ಬಲವಂತವಾಗಿ ಗೇರ್ ಹಾಕುತ್ತ ಓಡಿಸಿದರೆ ಚೆನ್ನಾಗಿದ್ದ ಸಿಂಕ್ರೊಗಳೂ ಸವೆಯುತ್ತವೆ.

ರಿವರ್ಸಿನಲ್ಲಿ ಹೋಗುವಾಗ ಹುಂಯ್ ಎಂದು ಕೂಗುವುದನ್ನು ಕೇಳಿ ಗಾಬರಿಯಾಗುವವರಿದ್ದಾರೆ. ಬಹಳಷ್ಟು ಗಾಡಿಗಳಲ್ಲಿ ಮುಂದಿನ ಗೇರುಗಳ ಹಲ್ಲು ಓರೆ, ರಿವರ್ಸಿನದು ನೇರ. ನೇರ ಹಲ್ಲು ಕೂಗುತ್ತದೆ. ಅದು ದೋಷವಲ್ಲ.

ನಿಂತಲ್ಲಿ ಏನೂ ಸಿಗದಿದ್ದರೆ ಓಡಿಸಿ ನೋಡಬೇಕು. ವಾಹನವಿಲ್ಲದ ನೇರ ರಸ್ತೆ ಇರಲಿ. ಒಂದೊಂದು ಗೇರಿನಲ್ಲೂ ಸ್ವಲ್ಪ ದೂರ ಹೋಗಿ, ಆಕ್ಸಿಲರೇಟರ್ ಒತ್ತಿ ಒಮ್ಮೆ, ಬಿಟ್ಟು ಒಮ್ಮೆ ಕೇಳಿ. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಹಲ್ಲು ಅಥವಾ ಅದರ ಬೇರಿಂಗ್. ಐದನೆಯದರಲ್ಲಿ ಮಾತ್ರ ಕೂಗಲು ಶುರುವಾಯಿತೆಂದರೆ ಮೊದಲು ಗೇರ್ ಆಯಿಲ್ ಮಟ್ಟ ನೋಡಿ. ಹಲವು ಮುಂಚಕ್ರದ ಗಾಡಿಗಳಲ್ಲಿ ಐದನೇ ಗೇರ್ ಪೆಟ್ಟಿಗೆಯ ತುದಿಯಲ್ಲಿ ಬೇರೆ ಮುಚ್ಚಳದೊಳಗೆ ಇರುತ್ತದೆ, ಆಯಿಲ್ ಕಡಿಮೆಯಾದರೆ ಬರ ಮೊದಲು ತಟ್ಟುವುದು ಅದಕ್ಕೆ. ಹಿಂಚಕ್ರದ ಐದು ಗೇರಿನ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರ್: ಶಕ್ತಿ ಕೆಳಗಿನ ಕೌಂಟರ್ ಶಾಫ್ಟಿಗೆ ಇಳಿಯದೆ ನೇರ ಹೊರಗೆ ಹೋಗುತ್ತದೆ. ಬೇರೆಲ್ಲದರಲ್ಲೂ ಇರುವ ಶಬ್ದ ನಾಲ್ಕರಲ್ಲಿ ಮಾತ್ರ ತಗ್ಗಿದರೆ ಕೌಂಟರ್ ಶಾಫ್ಟಿನ ಬೇರಿಂಗನ್ನು ನೋಡಿಸಿ.

ಎಲ್ಲ ಗೇರಿನಲ್ಲೂ ಒಂದೇ ಬಗೆಯ ಶಬ್ದ, ಗಾಡಿಯ ವೇಗದ ಜೊತೆ ಏರಿಳಿಯುತ್ತದೆ ಎಂದಾದರೆ 50 ಕಿಲೋಮೀಟರ್ ವೇಗದಲ್ಲಿ ಒಂದು ಕ್ಷಣ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಆರಿಸಬಾರದು, ಆರಿಸಿದರೆ ಬ್ರೇಕಿನ ಬಲವೂ ಪವರ್ ಸ್ಟಿಯರಿಂಗಿನ ನೆರವೂ ಹೋಗುತ್ತವೆ. ಘಾಟಿಯ ಇಳಿಜಾರಿನಲ್ಲಂತೂ ಈ ಪರೀಕ್ಷೆ ಬೇಡವೇ ಬೇಡ. ನ್ಯೂಟ್ರಲ್‌ನಲ್ಲೂ ಶಬ್ದ ಹಾಗೇ ಉಳಿದರೆ ದೋಷ ಚಕ್ರದ ಬೇರಿಂಗಿನಲ್ಲಿ, ಟೈರಿನಲ್ಲಿ ಅಥವಾ ಡಿಫರೆನ್ಷಿಯಲ್‌ನಲ್ಲಿದೆ. ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ವಾಲಿಸಿ. ಬಲಕ್ಕೆ ತಿರುಗಿಸಿದಾಗ ಗಾಡಿಯ ತೂಕ ಎಡಚಕ್ರದ ಮೇಲೆ ಬೀಳುತ್ತದೆ. ಆಗ ಶಬ್ದ ಹೆಚ್ಚಾದರೆ ಎಡಗಡೆಯ ವೀಲ್ ಬೇರಿಂಗ್. ಗೇರ್‌ಬಾಕ್ಸ್ ಎಂದುಕೊಂಡು ಹೆದರಿದ್ದು ಹೀಗೆ ಚಕ್ರದ ಬುಡದಲ್ಲಿ ಸಿಕ್ಕಿದರೆ ದೊಡ್ಡ ನೆಮ್ಮದಿ. ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಹೊರಡುವಾಗ ಟಕ್‌ಟಕ್ ಎಂದರೆ ಆಕ್ಸಲ್ಲಿನ ಸಿ.ವಿ. ಜಾಯಿಂಟ್. ಹೊರಡುವಾಗ ಒಂದೇ ಸಲ ಧಡ್ ಎಂದು ಹೊಡೆದರೆ ಎಂಜಿನ್ ಮೌಂಟ್ ಹರಿದಿರಬಹುದು. ಇಡೀ ಗಾಡಿ ಅದುರುತ್ತ ಹೊರಟರೆ ಮೌಂಟಿನ ಜೊತೆಗೆ ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿದೆಯೇ ಎಂದೂ ನೋಡಬೇಕು. ಕೆಲವು ಹೊಸ ಡೀಸೆಲ್ ಕಾರುಗಳಲ್ಲಿ ಎರಡು ಪದರದ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಎಂಜಿನ್ ಶುರುವಾಗುವಾಗ, ಆರುವಾಗ ಗಡಗಡ ಎಂದು ಬಡಿದುಕೊಂಡರೆ ಅದರ ಆಯುಸ್ಸು ಮುಗಿಯುತ್ತ ಬಂದಿದೆ. ಇದು ದುಬಾರಿ ಭಾಗ, ಬೇರೆಯವರಿಂದಲೂ ಒಮ್ಮೆ ನೋಡಿಸದೆ ಬದಲಾಯಿಸಬೇಡಿ.

ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮುಂಚೆ ಆಯಿಲ್ ನೋಡಿಸುವುದನ್ನು ಮಾತ್ರ ಬಿಡಬೇಡಿ. ಎಂಜಿನ್ ಆಯಿಲನ್ನು ಕಾಲಕಾಲಕ್ಕೆ ಬದಲಾಯಿಸುವ ನಾವು ಗೇರ್ ಆಯಿಲ್ ಒಂದಿದೆ ಎಂಬುದನ್ನೇ ಮರೆತಿರುತ್ತೇವೆ. ಸಣ್ಣ ಕಾರಿನಲ್ಲಿ ಅದು ಇರುವುದೇ ಎರಡು ಲೀಟರ್ ಆಸುಪಾಸು. ಆಕ್ಸಲ್ ಸೀಲಿನಲ್ಲಿ ಹನಿಹನಿಯಾಗಿ ಸೋರಿದರೂ ಕೆಲವೇ ತಿಂಗಳಲ್ಲಿ ಕೊರತೆ ಬೀಳುತ್ತದೆ. ಸಾಮಾನ್ಯವಾಗಿ ಗಾಡಿ ಸಮತಟ್ಟಾಗಿ ನಿಂತಾಗ ಪಕ್ಕದ ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ಆಯಿಲ್ ಇರಬೇಕು. ಬರೀ ಜಾಕ್ ಮೇಲೆ ಎತ್ತಿದ ಗಾಡಿಯ ಅಡಿಗೆ ನೀವೂ ಹೋಗಬೇಡಿ, ಗ್ಯಾರೇಜಿನ ಹುಡುಗರನ್ನೂ ಹೋಗಗೊಡಬೇಡಿ, ಸ್ಟ್ಯಾಂಡ್ ಇಡಲಿ. ಡ್ರೈನ್ ನಟ್ ಬಿಚ್ಚುವ ಮುಂಚೆ ಫಿಲ್ಲರ್ ನಟ್ ಬಿಚ್ಚುತ್ತದೆಯೇ ನೋಡಿಕೊಳ್ಳಲಿ, ಇಲ್ಲದಿದ್ದರೆ ಇದ್ದ ಆಯಿಲ್ ಚೆಲ್ಲಿದ ಮೇಲೆ ಹೊಸದನ್ನು ತುಂಬಲು ದಾರಿಯಿರುವುದಿಲ್ಲ.

ಹೊರಬಂದ ಆಯಿಲ್ ಒಳಗಿನ ಕಥೆ ಹೇಳುತ್ತದೆ. ನಟ್ಟಿನ ತುದಿಗೆ ಆಯಸ್ಕಾಂತವಿದ್ದರೆ ಅದಕ್ಕೆ ಬೂದು ಬಣ್ಣದ ನುಣುಪು ಕೆಸರು ಅಂಟಿರುವುದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಬಿಸಿಲಿಗೆ ಹಿಡಿದಾಗ ಆಯಿಲ್‌ನಲ್ಲಿ ಚಿನ್ನದ ಬಣ್ಣದ ಹೊಳಪು ತೇಲಿದರೆ ಸಿಂಕ್ರೊ ರಿಂಗುಗಳ ಹಿತ್ತಾಳೆ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಆದಂತೆ ಗಾಡಿ ನೀರಿನಲ್ಲಿ ಮುಳುಗಿದ್ದರೆ ಎಂಜಿನ್ ಆಯಿಲಿನ ಜೊತೆಗೆ ಗೇರ್ ಆಯಿಲನ್ನೂ ತಪ್ಪದೆ ಬದಲಾಯಿಸಬೇಕು. ಗಾಳಿಯಾಡಲು ಬಿಟ್ಟ ಬ್ರೀದರ್ ದಾರಿಯಿಂದಲೇ ನೀರು ಒಳಗೆ ನುಗ್ಗಿರುತ್ತದೆ. ಹೊಸ ಆಯಿಲ್ ಮ್ಯಾನ್ಯುಯಲ್ ಹೇಳಿದ ದರ್ಜೆಯದ್ದೇ ಆಗಿರಲಿ. ಜಿಎಲ್-4 ಎಂದು ಬರೆದ ಕಡೆ "ಇದು ಇನ್ನೂ ಒಳ್ಳೇದು" ಎಂದು ಜಿಎಲ್-5 ಸುರಿಯುವವರಿದ್ದಾರೆ. ಅದರಲ್ಲಿನ ಗಂಧಕದ ಸೇರ್ಪಡೆಗಳು ಹೆಚ್ಚು, ಹಿತ್ತಾಳೆಯ ಸಿಂಕ್ರೊಗಳಿಗೆ ಅವು ಹಿತವಲ್ಲ, ಗೇರ್ ಬೀಳುವುದೂ ಕಷ್ಟವಾಗಬಹುದು.

ಕೊನೆಗೂ ಇಳಿಸಲೇಬೇಕು ಎಂದಾದರೆ ರಿಲೀಸ್ ಬೇರಿಂಗ್ ಒಂದನ್ನೇ ಹಾಕಿಸಿ ಉಳಿತಾಯ ಮಾಡಲು ಹೋಗಬೇಡಿ. ಬೇರಿಂಗಿನ ಬೆಲೆಗಿಂತ ಇಳಿಸಿ ಏರಿಸುವ ಕೂಲಿ ಹೆಚ್ಚು. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಸೇರಿದ ಸೆಟ್ ಹಾಕಿಸಿ. ಎಂಜಿನ್ ಕಡೆಯ ಆಯಿಲ್ ಸೀಲ್ ಸೋರುತ್ತಿದೆಯೇ, ಫೋರ್ಕ್ ಸವೆದಿದೆಯೇ, ಫ್ಲೈವೀಲಿನ ಮೇಲೆ ನೀಲಿ ಕಲೆಗಳಿವೆಯೇ ಎಂಬುದನ್ನು ಆಗಲೇ ನೋಡಿಸಿ. ಹಳೆಯ ಭಾಗಗಳನ್ನು ಚೀಲದಲ್ಲಿ ಹಾಕಿಕೊಡಲು ಮೊದಲೇ ಹೇಳಿರಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ. ಗಾಡಿ ವಾಪಸು ಪಡೆಯುವಾಗ ಗ್ಯಾರೇಜಿನ ಅಂಗಳದಲ್ಲೇ ನಿಂತು ಆ ಪೆಡಲ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಆಮೇಲೆ ಹಣ ಕೊಡಿ.

ಬೇರಿಂಗ್ ಸಣ್ಣಗೆ ಕೂಗುತ್ತಿದ್ದರೆ ಊರೊಳಗೆ ಕೆಲವು ದಿನ ನಡೆಯುತ್ತದೆ, ದೂರದ ಪ್ರಯಾಣಕ್ಕೆ ಹೊರಡಬೇಡಿ. ಗೇರ್ ತಾನಾಗಿ ಜಾರಿ ಹೊರಬರುವುದು, ಕಬ್ಬಿಣ ಅರೆದಂಥ ಶಬ್ದ, ಪೆಡಲ್ ತಳಕ್ಕೆ ಬಿದ್ದು ಮೇಲೆ ಬರದಿರುವುದು, ಗೇರ್‌ಬಾಕ್ಸಿನಡಿ ನೆಲದಲ್ಲಿ ಆಯಿಲ್ ಮಡುಗಟ್ಟುವುದು ಇವುಗಳಲ್ಲಿ ಯಾವುದೇ ಕಂಡರೂ ಅಲ್ಲೇ ನಿಲ್ಲಿಸಿ ಟೋ ಗಾಡಿ ಕರೆಸಿ. ಸಾಧ್ಯವಾದರೆ ಇಡೀ ಗಾಡಿಯನ್ನು ಮೇಲಕ್ಕೆ ಹೇರಿಕೊಂಡು ಹೋಗುವಂಥದ್ದನ್ನೇ ಕೇಳಿ. ಅದು ಸಿಗದಿದ್ದರೆ ಮುಂಚಕ್ರದ ಗಾಡಿಯಲ್ಲಿ ಮುಂದಿನ ಎರಡು ಚಕ್ರ ಎತ್ತಿರಬೇಕು, ಹಿಂಚಕ್ರದ ಗಾಡಿಯಲ್ಲಿ ಹಿಂದಿನವು. ಶಕ್ತಿ ಹೋಗುವ ಚಕ್ರಗಳು ನೆಲದ ಮೇಲೆ ಉರುಳಿದರೆ ಕೆಟ್ಟ ಗೇರ್‌ಬಾಕ್ಸಿನ ಒಳಭಾಗ ಗ್ಯಾರೇಜು ತಲುಪುವವರೆಗೂ ಅರೆಯುತ್ತಲೇ ಹೋಗುತ್ತದೆ.